ಮೊದಲು ಮಾತಾಡುವವನ ಪಾಡು

ಇಸ್ಪೀಟಿನಲ್ಲಿ ಎಲೆ ಕೆಟ್ಟದ್ದು ಬಂದರೆ ಹಣೆಬರಹವನ್ನು ಬೈಯಬಹುದು. ಕುರ್ಚಿ ಕೆಟ್ಟದ್ದು ಬಂದರೆ ಯಾರನ್ನು ಬೈಯುವುದು? ನನ್ನ ಕುರ್ಚಿಯನ್ನು ಗೊತ್ತುಮಾಡಿದವರು ನನ್ನ ಅತ್ತೆಯವರು. ಆದ್ದರಿಂದ ಬೈಯುವ ಮಾತೇ ಇಲ್ಲ.

ಅವರ ಮನೆಯ ಊಟದ ಮೇಜಿಗೆ ಒಂದು ಕ್ರಮವಿದೆ. ಫ್ಯಾನಿನ ನೇರ ಕೆಳಗೆ ದೊಡ್ಡಳಿಯ, ಅಂದರೆ ನಾನು. ನನ್ನ ಎಡಕ್ಕೆ ಚಿಕ್ಕಳಿಯ, ಅಂದರೆ ನನ್ನ ಷಡ್ಡಕ. ಅವನಾಚೆ ಅವನ ಹೆಂಡತಿ, ಆಮೇಲೆ ನನ್ನ ಬಾಮೈದ, ಸುತ್ತು ಮುಗಿದು ನನ್ನ ಬಲಕ್ಕೆ ನನ್ನ ಹೆಂಡತಿ. ಪಲ್ಯ ನನ್ನಿಂದ ಶುರುವಾಗಿ ಎಡಕ್ಕೆ ಹೋಗುತ್ತದೆ. ಅಳಿಯನ ಮರ್ಯಾದೆ ಅಂದರೆ ಹಾಗೆ. ಶನಿವಾರ ರಾತ್ರಿ ಅದೇ ಮೇಜನ್ನು ಒರೆಸಿ, ಹಳೆಯ ಜಮಖಾನ ಹಾಸಿ, ಇಸ್ಪೀಟು ತೆಗೆದಾಗಲೂ ಯಾರೂ ಜಾಗ ಬಿಟ್ಟು ಕದಲುವುದಿಲ್ಲ. ಊಟದ ಹೊತ್ತಿನಲ್ಲಿ ಮರ್ಯಾದೆಯಾಗಿದ್ದ ಕುರ್ಚಿ ಅಲ್ಲಿಂದಾಚೆಗೆ ಶಿಕ್ಷೆಯಾಗುತ್ತದೆ.

ಯಾಕೆಂದರೆ ನಾವು ಆಡುವುದು ಒಮಾಹಾ ಪೋಕರ್. ಅದು ಗಡಿಯಾರದ ಮುಳ್ಳಿನ ದಿಕ್ಕಿಗೆ, ಎಡಕ್ಕೆ ಸುತ್ತುವ ಆಟ. ಬಟನ್ ಎಂಬ ಬಿಲ್ಲೆ ಯಾರ ಮುಂದಿದೆಯೋ ಆ ಸುತ್ತಿಗೆ ಕೊನೆಯ ಮಾತು ಅವರದು. ಮೊದಲ ಮಾತು ಅವರ ಎಡಗಡೆಯವರಿಂದ ಶುರು. ಮೊದಲು ಮಾತಾಡುವವನಿಗೆ ತನ್ನ ಎಲೆ ಬಿಟ್ಟು ಬೇರೇನೂ ಗೊತ್ತಿರುವುದಿಲ್ಲ. ಕೊನೆಯವನು ಮಿಕ್ಕವರು ಕಟ್ಟಿದ್ದು, ಬಿಟ್ಟದ್ದು, ತಡವರಿಸಿದ್ದು, ಉಗುಳು ನುಂಗಿದ್ದು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬಾಯಿ ಬಿಡುತ್ತಾನೆ. ಬಟನ್ ಪ್ರತಿ ಆಟಕ್ಕೂ ಒಬ್ಬರಿಂದ ಇನ್ನೊಬ್ಬರಿಗೆ ಜರುಗುವುದರಿಂದ ನ್ಯಾಯ ಎಲ್ಲರಿಗೂ ಒಂದೇ ಎಂದು ಆಟದ ಪುಸ್ತಕದವರು ಸಮಾಧಾನ ಹೇಳುತ್ತಾರೆ. ಎಡಗಡೆ ಕೂತವನ ಮಟ್ಟಿಗೆ ಆ ನ್ಯಾಯ ನಡೆಯುವುದಿಲ್ಲ. ಐದು ಜನರ ಮೇಜಿನಲ್ಲಿ ಬಟನ್ ನನ್ನ ಮುಂದೆಯೇ ಇದ್ದಾಗ ಮಾತ್ರ ಅವನು ನನಗಿಂತ ಮೊದಲು ಮಾತಾಡಬೇಕು. ಉಳಿದ ನಾಲ್ಕು ಸಲವೂ ನಾನು ಮೊದಲು, ಅವನು ಆಮೇಲೆ.

ಆ ಎಡಗಡೆಯವನು ಸಾಧುಪ್ರಾಣಿಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನನ್ನ ಷಡ್ಡಕ ‘ಚೆಕ್’ ಅನ್ನುವುದು ಬ್ಯಾಂಕಿಗೆ ಹೋದಾಗ ಮಾತ್ರ. ಏನೂ ಕಟ್ಟದೆ ಸರದಿ ದಾಟಿಸಲು ನಾನು ಚೆಕ್ ಎಂದು ಮೇಜು ತಟ್ಟಿದರೆ ಸಾಕು, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವವನ ಹಾಗೆ ಬಿಲ್ಲೆಗಳನ್ನು ನಡುವಿಗೆ ಎಸೆದು ‘ಪಾಟ್’ ಅನ್ನುತ್ತಾನೆ. ಎಲೆ ಇದೆಯೋ ಇಲ್ಲವೋ, ಟವೆಲ್ಲಂತೂ ಬಿದ್ದಾಯಿತು. ಜಗಳಕ್ಕೆ ತಯಾರಿದ್ದರೆ ಹತ್ತಬಹುದು.

ಯೋಚಿಸಿದರೆ ಇದು ಇಸ್ಪೀಟಿನಿಂದ ಶುರುವಾದ ಕಥೆಯೇ ಅಲ್ಲ. ಮೊದಲನೆಯ ಮಗಳನ್ನು ಮದುವೆಯಾದವನು ಆ ಮನೆಯಲ್ಲಿ ಎಲ್ಲ ವಿಷಯಕ್ಕೂ ಮೊದಲು ಮಾತಾಡಬೇಕಾದವನು. ನನ್ನ ಮೊದಲ ದೀಪಾವಳಿಗೆ ಮಾವ ಕರೆದು ಕೂರಿಸಿ, ‘ಏನು ಬೇಕು, ಸಂಕೋಚ ಬೇಡ’ ಎಂದು ಕೇಳಿದರು. ನಾನು ಏನೂ ಬೇಡ ಎಂದೆ. ಏನೂ ಬೇಡ ಅನ್ನುವುದಕ್ಕೆ ಆ ಮನೆಯಲ್ಲಿ ಆಗಿನ್ನೂ ಬೆಲೆ ಗೊತ್ತಾಗಿರಲಿಲ್ಲ. ಅದು ಒಂದು ಪಂಚೆ, ಒಂದು ಶಲ್ಯ ಎಂದು ನನ್ನ ಮೂಲಕ ಗೊತ್ತಾಯಿತು. ಕೆಲವು ವರ್ಷ ಕಳೆದು ಷಡ್ಡಕನ ಸರದಿ ಬಂದಾಗ ಅವನು ಈ ಎಲ್ಲ ಮಾಹಿತಿಯನ್ನು ಹೆಂಡತಿಯಿಂದ ಸಂಗ್ರಹಿಸಿಕೊಂಡು ಬಂದಿದ್ದ. ‘ನೀವು ಏನು ಕೊಟ್ಟರೂ ಸಂತೋಷ’ ಎಂದು ನಕ್ಕ. ಕೈಗಡಿಯಾರ ಬಂತು.

ಮಾವನವರ ಅರವತ್ತರ ಶಾಂತಿಗೆ ನಾನು ಬೆಳ್ಳಿ ಲೋಟ ತಂದೆ. ಅವನು ಬೆಳ್ಳಿ ಚೊಂಬು ತಂದ. ನಾನು ಬೆಂಗಳೂರಿನ ಅಂಚಿನಲ್ಲಿ ಸೈಟು ಕೊಂಡೆ. ಅಲ್ಲಿಗೆ ಕಾವೇರಿ ಇವತ್ತು ಬರುತ್ತಾಳೆ ನಾಳೆ ಬರುತ್ತಾಳೆ ಎಂದು ಬೋರ್‌ವೆಲ್ ಕೊರೆಸುತ್ತ, ಟ್ಯಾಂಕರಿನವನ ಮಗನ ನಾಮಕರಣಕ್ಕೆ ಹೋಗುವಷ್ಟು ಸ್ನೇಹ ಬೆಳೆಸಿಕೊಂಡೆ. ಅವನು ಅದನ್ನು ದೂರದಿಂದ ನೋಡಿ, ನಲ್ಲಿ ತಿರುಗಿಸಿದರೆ ನೀರು ಬರುವ ಕಡೆ ಫ್ಲಾಟು ತೆಗೆದುಕೊಂಡ. ಇದರಲ್ಲಿ ಅವನ ಕುತಂತ್ರವೇನೂ ಇಲ್ಲ. ಆಮೇಲೆ ಬಂದವನಿಗೆ ಕಣ್ಣೆದುರಿಗೇ ಇದ್ದ ಉದಾಹರಣೆ ನಾನು, ಅಷ್ಟೆ.

ಧರ್ಮರಾಯನ ಗತಿಯೂ ಇದೇ ಅಲ್ಲವೆ. ಸಭಾಪರ್ವದ ಜೂಜಿನಲ್ಲಿ ಪ್ರತಿ ಸಲವೂ ಪಣ ಹೇಳುವವನು ಅವನೇ. ಅವನು ಹೇಳಿ ಮುಗಿಸುತ್ತಾನೆ, ಶಕುನಿ ದಾಳ ಹಾಕಿ ಗೆದ್ದೆ ಅನ್ನುತ್ತಾನೆ. ದಾಳದಲ್ಲಿ ಮೋಸವಿತ್ತು ಎಂದು ಹರಿಕಥೆಯವರು ಹೇಳುತ್ತಾರೆ, ಇದ್ದೀತು. ಮೋಸವಿಲ್ಲದಿದ್ದರೂ ಅಷ್ಟು ಹೊತ್ತು ಮೊದಲು ಮಾತಾಡಿದವನು ಉಳಿಯುವುದು ಕಷ್ಟವಿತ್ತು ಎಂಬುದು ನನ್ನ ಖಾಸಗಿ ಅಭಿಪ್ರಾಯ. ಹೇಳಿಕೇಳಿ ಅವನೂ ಮನೆಗೆ ದೊಡ್ಡವನು.

ಒಮಾಹಾ ಅನ್ನುವುದು ಅಮೆರಿಕದ ನೆಬ್ರಾಸ್ಕಾದಲ್ಲಿ ಮಿಸೌರಿ ನದಿಯ ದಂಡೆಯ ಮೇಲಿರುವ ಊರು. ವಾರನ್ ಬಫೆಟ್ ಇರುವ ಊರು ಎಂದರೆ ಷೇರಿನ ಹುಚ್ಚಿನವರಿಗೆ ಥಟ್ಟನೆ ಹೊಳೆಯುತ್ತದೆ. ಷಡ್ಡಕ ಕಂಪನಿ ಕೆಲಸದ ಮೇಲೆ ಅಲ್ಲಿದ್ದು ಬಂದವನು. ಹೋಗುವಾಗ ಪುಳಿಯೋಗರೆ ಗೊಜ್ಜು ಒಯ್ದವನು ಬರುವಾಗ ಒಂದು ಅಲ್ಯೂಮಿನಿಯಂ ಪೆಟ್ಟಿಗೆಯ ತುಂಬ ಬಣ್ಣಬಣ್ಣದ ಪೋಕರ್ ಬಿಲ್ಲೆ ತಂದ. ಆಟ ಆ ಊರಿನದೇ ಎಂದು ಅವನು ನಮ್ಮನ್ನೆಲ್ಲ ಬಹಳ ಕಾಲ ನಂಬಿಸಿದ್ದ. ಅದು ಹೆಸರು ಮಾಡಿದ್ದು ಲಾಸ್ ವೇಗಸ್‌ನಲ್ಲಿ. 1980ರ ದಶಕದ ಆರಂಭದಲ್ಲಿ ರಾಬರ್ಟ್ ಟರ್ನರ್ ಎಂಬ ಆಟಗಾರ ಇದನ್ನು ಗೋಲ್ಡನ್ ನಗೆಟ್ ಕ್ಯಾಸಿನೋಗೆ ಕೊಂಡೊಯ್ದ, ಅಲ್ಲಿನ ಇಸ್ಪೀಟು ಕೋಣೆ ನೋಡಿಕೊಳ್ಳುತ್ತಿದ್ದ ಬಿಲ್ ಬಾಯ್ಡ್ ಅದಕ್ಕೊಂದು ಮೇಜು ಕೊಟ್ಟ. ಇದನ್ನು ಹುಡುಕಿ ಹೇಳಿದಾಗ ಷಡ್ಡಕ, ‘ಆದ್ರೂ ನಾನು ಕಲ್ತಿದ್ದು ಅಲ್ಲೇ ಭಾವ’ ಎಂದು ಅದರ ಮೇಲೂ ಏರಿಸಿದ.

ಆಟದ ನಿಯಮ ಸರಳ. ಒಬ್ಬೊಬ್ಬರ ಕೈಗೆ ನಾಲ್ಕು ಎಲೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಮೊದಲು ಮೂರು ಒಟ್ಟಿಗೆ, ಅದು ಫ್ಲಾಪ್, ಆಮೇಲೆ ಒಂದು, ಅದು ಟರ್ನ್, ಕೊನೆಗೊಂದು, ಅದು ರಿವರ್. ಕೈಯಿಂದ ಎರಡು, ಮೇಜಿನಿಂದ ಮೂರು, ಒಟ್ಟು ಐದೆಲೆಯ ಕಟ್ಟು. ಎರಡು ಅಂದರೆ ಎರಡೇ, ಒಂದೂ ಆಗದು, ಮೂರೂ ಆಗದು. ಹೊಸಬರು ಬೀಳುವುದೇ ಇಲ್ಲಿ. ಶುರುವಿನ ವಾರಗಳಲ್ಲಿ ಒಮ್ಮೆ ಮೇಜಿನ ಮೇಲೆ ನಾಲ್ಕು ಇಸ್ಪೇಟ್ ಬಿದ್ದಿದ್ದವು. ಬಾಮೈದ ತನ್ನ ಕೈಯ ಇಸ್ಪೇಟ್ ರಾಜನನ್ನು ಬಡಿದು, ಐದೂ ಒಂದೇ ಜಾತಿ, ಫ್ಲಷ್ ಆಯಿತು ಎಂದು ಬಿಲ್ಲೆ ಬಾಚಿಕೊಳ್ಳಲು ಹೊರಟ. ಪಕ್ಕದಲ್ಲಿ ಹೂ ಕಟ್ಟುತ್ತ ಕೂತಿದ್ದ ಅತ್ತೆ ಕನ್ನಡಕ ಏರಿಸಿ, ‘ನಿನ್ನ ಕೈಯಿಂದ ಒಂದೇ ತಾನೆ ಹಾಕಿದ್ದು? ಎರಡು ಹಾಕ್ಬೇಕು. ಇಡು ಅಲ್ಲಿ’ ಎಂದರು. ಅಂದಿನಿಂದ ಅವರೇ ಅಂಪೈರು.

ನಾಲ್ಕೆಲೆಯಲ್ಲಿ ಎರಡೆರಡು ಆರಿಸಿದರೆ ಆರು ಜೋಡಿ ಸಿಗುತ್ತವೆ. ಹೋಲ್ಡೆಮ್ ಎಂಬ ಎರಡೆಲೆಯ ಪೋಕರ್‌ನಲ್ಲಿ ನಿಮ್ಮ ಕೈಗೆ ಬರಬಹುದಾದ ಎಲೆಗಳ ಬಗೆ 1,326. ಒಮಾಹಾದಲ್ಲಿ ಅದು 2,70,725. ಹೀಗಾಗಿ ಎಲ್ಲರ ಕೈಯಲ್ಲೂ ಏನಾದರೊಂದು ಇದ್ದೇ ಇರುತ್ತದೆ. ಹೋಲ್ಡೆಮ್‌ನಲ್ಲಿ ಎಕ್ಕದ ಜೋಡಿ ರಾಜನ ಜೋಡಿಯ ಎದುರು ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಸಲ ಗೆಲ್ಲುತ್ತದೆ. ಒಮಾಹಾದಲ್ಲಿ ಎಕ್ಕದ ಜೋಡಿ ಹಿಡಿದು ಮೀಸೆ ತಿರುವುತ್ತಿದ್ದರೆ ಎದುರಿನವನು ಎಂಟು, ಏಳು, ಆರು, ಐದು ಎಂಬ ಕೂಲಿಜನರನ್ನು ಎರಡೆರಡು ಜಾತಿಯಲ್ಲಿ ಹೊಂದಿಸಿಕೊಂಡು ಬಂದು ನಿಮ್ಮನ್ನು ನೂರಕ್ಕೆ ಅರವತ್ತರ ಆಸುಪಾಸಿಗೆ ಇಳಿಸುತ್ತಾನೆ. ದೊಡ್ಡಸ್ತಿಕೆಗೆ ಇಲ್ಲಿ ಅಷ್ಟೇ ಬೆಲೆ.

ಇದರ ಮೇಲೆ ಪಾಟ್‌ನ, ಅಂದರೆ ನಡುವೆ ಕೂಡಿದ ಬಿಲ್ಲೆಗಳ, ಲೆಕ್ಕ. ಒಮ್ಮೆಗೆ ಕಟ್ಟಬಹುದಾದ ಗರಿಷ್ಠ ಮೊತ್ತ ಎಂದರೆ ಆಗ ನಡುವೆ ಇರುವಷ್ಟು. ಕೇಳಲು ಬಹಳ ಸಂಯಮದ ನಿಯಮ. ಆದರೆ ನಡುವೆ ಒಂದಿದ್ದಾಗ ಅವನು ಒಂದು ಕಟ್ಟಿ ನಾನು ಒಂದು ಕೊಟ್ಟರೆ ಮೂರಾಯಿತು. ಟರ್ನ್‌ನಲ್ಲಿ ಮೂರು ಮೂರು ಸೇರಿ ಒಂಬತ್ತು. ರಿವರ್‌ನಲ್ಲಿ ಇಪ್ಪತ್ತೇಳು. ‘ಭಾವ, ಇದರಲ್ಲಿ ಮಿತಿ ಇದೆ’ ಎಂದು ಷಡ್ಡಕ ಅತ್ತೆಯ ಮುಂದೆ ಹೇಳಿದ್ದ ಮಿತಿ ಇದು. ಮೂರು ಸಲ ಟವೆಲ್ ಎಸೆದರೆ ಬಸ್ಸೇ ಅವನದು.

ಮಾವ ಇದ್ದಾಗ ಆ ಮನೆಯ ಆಟ ಇಪ್ಪತ್ತೆಂಟು. 32 ಎಲೆ, ನಾಲ್ಕು ಜನ, ಎದುರುಬದುರು ಜೊತೆ. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ನಾಲ್ಕು ಜಾತಿಯದು ಕೂಡಿದರೆ ಇಪ್ಪತ್ತೆಂಟು. ರಾಜ ರಾಣಿಯರಿಗೆ ಸೊನ್ನೆ. ಮಾವ ಸರ್ಕಾರಿ ನೌಕರಿಯಲ್ಲಿದ್ದವರು, ಗುಲಾಮನೇ ಎಲ್ಲರಿಗಿಂತ ಮೇಲಿರುವ ಈ ಏರ್ಪಾಟು ಅವರಿಗೆ ಬಹಳ ಹಿಡಿಸುತ್ತಿತ್ತು. ಮೊದಲು ನಾಲ್ಕೆಲೆ ಹಂಚಿ ಅದರ ಮೇಲೆ ಕೂಗು, ಆಮೇಲೆ ಇನ್ನು ನಾಲ್ಕು. ನಾಲ್ಕೆಲೆ ನೋಡಿ ಧೈರ್ಯ ಮಾಡುವುದನ್ನು ನಾನು ಕಲಿತದ್ದು ಆಗ. ಮಾವ ಕೂಗು ಗೆದ್ದರೆ ತುರುಪಿನ ಎಲೆಯನ್ನು ಮಗುಚಿ ತೊಡೆಯ ಕೆಳಗೆ ಸೇರಿಸಿಬಿಡುತ್ತಿದ್ದರು. ಆಟ ಮುಗಿದ ಮೇಲೆ ಮಾತ್ರ ಯಾರದೂ ಗುಟ್ಟು ಉಳಿಯಕೂಡದು. ಎಲ್ಲ ಎಲೆಗಳನ್ನೂ ಮುಖ ಮೇಲಾಗಿ ಹರವಿ, ‘ಇದನ್ನ ಇಟ್ಕೊಂಡು ಅದನ್ಯಾಕೆ ಎಸೆದ್ರಿ?’ ಎಂದು ಮರಣೋತ್ತರ ಪರೀಕ್ಷೆ. ಆಟಕ್ಕಿಂತ ಅದೇ ಉದ್ದ.

ಆಗಲೂ ನಾನು ಇದೇ ಕುರ್ಚಿಯಲ್ಲಿ, ಷಡ್ಡಕ ನನ್ನ ಎಡಕ್ಕೆ. ನನ್ನೆದುರು ಮಾವ, ಬಲಕ್ಕೆ ಬಾಮೈದ. ಆದರೆ ಇಪ್ಪತ್ತೆಂಟು ಬಲಕ್ಕೆ ಸುತ್ತುವ ಆಟ. ಹಾಗಾಗಿ ಷಡ್ಡಕ ಹಾಕಿದ ಮೇಲೆ ನಾನು ಹಾಕುವುದು. ಅವನು ಗುಲಾಮ ಎಸೆದು ತೊಡೆ ತಟ್ಟಿದಾಗ ಸಣ್ಣದೊಂದು ತುರುಪು ಇಳಿಸಿ ತೆಪ್ಪಗೆ ಕೂರುವ ಸುಖವನ್ನು ಎಷ್ಟು ವರ್ಷ ಅನುಭವಿಸಿದೆ. ಎದುರಿಗೆ ಮಾವ ಮೇಲೆ ನೋಡಿ ಫ್ಯಾನು ಲೆಕ್ಕ ಮಾಡುವವರಂತೆ ಕೂತಿರುತ್ತಿದ್ದರು. ನಗು ಬಂದಾಗ ಅವರು ಹಾಗೆ ಮಾಡುತ್ತಿದ್ದುದು. ಜೊತೆಯಾಟಗಾರನಿಗೆ ಸನ್ನೆ ಮಾಡಬಾರದು ಎಂದು ನಿಯಮವಿದೆ. ಫ್ಯಾನು ನೋಡಬಾರದು ಎಂದಿಲ್ಲ.

ಅವರು ಹೋದ ಮೇಲೆ ಇಪ್ಪತ್ತೆಂಟು ತಾನಾಗಿ ನಿಂತಿತು. ನಾಲ್ಕು ಜನಕ್ಕೇನೂ ಕೊರತೆಯಿರಲಿಲ್ಲ, ಆದರೆ ನನ್ನೆದುರು ಕೂತುಕೋ ಎಂದು ಯಾರಿಗೆ ಹೇಳುವುದು? ಶನಿವಾರ ಬರುತ್ತಿದ್ದೆವು, ಊಟ ಮಾಡುತ್ತಿದ್ದೆವು, ಟಿವಿ ನೋಡುತ್ತಿದ್ದೆವು. ಅತ್ತೆ ಒಂಬತ್ತಕ್ಕೆ ಮಲಗುವೆ ಎಂದು ಏಳುತ್ತಿದ್ದರು. ಷಡ್ಡಕ ಆ ಅಲ್ಯೂಮಿನಿಯಂ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ತಂದದ್ದು ಆಗ. ಜೊತೆ ಬೇಡ, ಎದುರುಬದುರು ಬೇಡ, ಪ್ರತಿಯೊಬ್ಬನೂ ಒಂಟಿ. ಮೊದಲ ರಾತ್ರಿ ಅವನು ಮಾಡಿದ ಗದ್ದಲ, ಏನೂ ಇಲ್ಲದ ಕೈಯಲ್ಲಿ ಪಾಟ್ ಪಾಟ್ ಎಂದು ಕಿರುಚಿ ಸಿಕ್ಕಿಬಿದ್ದ ರೀತಿ ನೋಡಿ ಅತ್ತೆ ಹನ್ನೊಂದರವರೆಗೆ ಎದ್ದಿದ್ದರು. ಅವನ ಆಟ ಸ್ವಭಾವತಃ ಮುನ್ನುಗ್ಗುವ ಆಟವೋ, ಅಥವಾ ಆ ಮೇಜಿನ ಮೇಲೆ ಯಾರಾದರೂ ಗಟ್ಟಿಯಾಗಿ ಮಾತಾಡಲಿ ಎಂದು ಶುರುಮಾಡಿ ಅದೇ ಅಭ್ಯಾಸವಾಯಿತೋ ನಾನು ಕೇಳಿಲ್ಲ. ಕೇಳಿದರೆ ಅದನ್ನೂ ನಾನೇ ಮೊದಲು ಮಾತಾಡಿದಂತಾಗುತ್ತದೆ.

ಕರುಣೆ ಬೇರೆ, ಬಿಲ್ಲೆ ಬೇರೆ. ಸೋಲು ಜಾಸ್ತಿಯಾದಾಗ ನಾನು ಪುಸ್ತಕ ಓದಿದೆ, ರಾತ್ರಿ ಇಯರ್‌ಫೋನು ಸಿಕ್ಕಿಸಿಕೊಂಡು ವಿಡಿಯೊ ನೋಡಿದೆ. ಮೇಲೆ ಬಿದ್ದು ಆಡುವವನ ಎದುರು, ಮೊದಲು ಮಾತಾಡುವ ಜಾಗದಲ್ಲಿ ಕೂತು, ಒಮಾಹಾ ಆಡುವುದು ಹೇಗೆ? ಬಲ್ಲವರೆಲ್ಲರ ಮೊದಲ ಉತ್ತರ ಒಂದೇ: ಆಡಬೇಡ. ಎರಡನೆಯ ಉತ್ತರ: ಆಡಲೇಬೇಕಾದರೆ ಕುರ್ಚಿ ಬದಲಿಸು, ಅಂಥವನು ನಿನ್ನ ಬಲಗಡೆ ಇರಬೇಕು. ಧೈರ್ಯ ಮಾಡಿ ಅತ್ತೆಗೆ ಹೇಳಿದೆ. ‘ಅಯ್ಯೋ, ಆ ಕಡೆ ಗಾಳಿ ಬರಲ್ಲ. ನಿಮಗೆ ಸೆಕೆ ತಡೆಯಲ್ಲ’ ಎಂದು ಫ್ಯಾನು ಒಂದು ನಂಬರು ಜಾಸ್ತಿ ಮಾಡಿದರು.

ಮಿಕ್ಕ ಉಪದೇಶಗಳು ಇಂತಿವೆ: ಕಡಿಮೆ ಕೈಗಳನ್ನು ಆಡು. ಕಟ್ಟು ಕೂಡಿದರೆ ಎಲ್ಲರಿಗಿಂತ ದೊಡ್ಡದಾಗಬೇಕು, ಅಂಥದನ್ನೇ ಹಿಡಿದು ಕೂರು. ಎರಡನೆಯ ದೊಡ್ಡದು ಈ ಆಟದಲ್ಲಿ ಎಲ್ಲಕ್ಕಿಂತ ದುಬಾರಿ. ನೀನಾಗಿ ಪಾಟ್ ಬೆಳೆಸಬೇಡ. ಚೆಕ್ ಎಂದು ಅವನ ಕೈಗೇ ಹಗ್ಗ ಕೊಡು, ಅವನು ಕಟ್ಟಿದ ಮೇಲೆ ಏರಿಸು. ಕೊನೆಯದು ನನಗೆ ಬಹಳ ಮೆಚ್ಚಿಗೆಯಾಯಿತು. ಒಂದು ಶನಿವಾರ ನನ್ನ ಕೈಯ ರಾಜನ ಜೋಡಿಗೆ ಫ್ಲಾಪ್‌ನಲ್ಲಿ ಮೂರನೆಯ ರಾಜ ಬಂದ. ಆಕಳಿಸುತ್ತ ಚೆಕ್ ಎಂದು ಮೇಜು ತಟ್ಟಿ ಕಾದೆ. ಷಡ್ಡಕ ನನ್ನನ್ನು ನೋಡಿದ, ಬಿಲ್ಲೆ ನೋಡಿದ, ಹುಟ್ಟಿದ ಮೇಲೆ ಮೊದಲ ಬಾರಿಗೆ ತಾನೂ ಮೇಜು ತಟ್ಟಿದ. ಮುಂದಿನ ಎಲೆ ಅವನಿಗೆ ಪುಕ್ಕಟೆ ಸಿಕ್ಕಿತು, ಅದರಲ್ಲೇ ಅವನ ಸಾಲು, ಅಂದರೆ ಒಂದರ ಹಿಂದೊಂದು ಬರುವ ಐದೆಲೆ, ಪೂರ್ತಿಯಾಯಿತು. ಹಿಂದೆ ಮಾತಾಡುವವನಿಗೆ ಈ ಸೌಲಭ್ಯವೂ ಉಂಟು ಎಂದು ಪುಸ್ತಕದ ಮುಂದಿನ ಪುಟದಲ್ಲೇ ಇತ್ತು.

ಷಡ್ಡಕನಿಗೆ ಒಬ್ಬ ಆದರ್ಶಪುರುಷನಿದ್ದಾನೆ. ‘ಇಸಿಲ್ಡುರ್1’ ಎಂಬ ಹೆಸರಿನಲ್ಲಿ ಆನ್‌ಲೈನ್ ಆಡುತ್ತಿದ್ದ ಸ್ವೀಡನ್ನಿನ ವಿಕ್ಟರ್ ಬ್ಲೋಮ್. 2009ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಜಗತ್ತಿನ ದೊಡ್ಡ ದೊಡ್ಡ ಆಟಗಾರರ ಮೇಲೆಲ್ಲ ಏರಿ ಹೋದ ಹುಡುಗ. ಆ ವರ್ಷ ನವೆಂಬರಿನಲ್ಲಿ ಒಮಾಹಾದ ಒಂದೇ ಒಂದು ಆಟದಲ್ಲಿ ಫಿನ್ಲೆಂಡಿನ ಪ್ಯಾಟ್ರಿಕ್ ಆಂಟೋನಿಯಸ್‌ಗೆ 13 ಲಕ್ಷ ಡಾಲರಿಗೂ ದೊಡ್ಡ ಪಾಟ್ ಸೋತ. ಮುಂದಿನ ತಿಂಗಳು ಬ್ರಯನ್ ಹೇಸ್ಟಿಂಗ್ಸ್ ಎಂಬ ಅಮೆರಿಕದವನು ಒಂದೇ ಕೂರಿಕೆಯಲ್ಲಿ ಅವನಿಂದ ಸುಮಾರು 42 ಲಕ್ಷ ಡಾಲರ್ ಗೆದ್ದ. ಷಡ್ಡಕ ಈ ಕಥೆಯನ್ನು ಪುರಾಣದ ಧಾಟಿಯಲ್ಲಿ ಹೇಳುತ್ತಾನೆ. ‘ಸೋತಿದ್ದು ಅವನು ತಾನೆ?’ ಎಂದು ನಾನು ಕೇಳಿದರೆ, ‘ಗೆದ್ದವರ ಹೆಸರು ಯಾರಿಗೆ ನೆನಪಿದೆ ಭಾವ?’ ಅನ್ನುತ್ತಾನೆ. ಎರಡೂ ಹೆಸರು ಹೇಳಿದವನು ಅವನೇ.

ನಮ್ಮಲ್ಲಿ ಡಾಲರೂ ಇಲ್ಲ, ರೂಪಾಯಿಯೂ ಇಲ್ಲ. ಬಾಮೈದ ವಕೀಲ, ಅವನಿಗೆ ಕಾನೂನು ಬಾಯಿಪಾಠ. 1967ರಲ್ಲೇ ಸುಪ್ರೀಂ ಕೋರ್ಟು ರಮ್ಮಿಯನ್ನು ಹೆಚ್ಚಾಗಿ ಕೌಶಲದ ಆಟ ಎಂದದ್ದು, 2021ರಲ್ಲಿ ಕರ್ನಾಟಕ ಸರ್ಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದನ್ನು ತೆಗೆದುಹಾಕಿದ್ದು, 2025ರ ಆಗಸ್ಟಿನಲ್ಲಿ ಕೇಂದ್ರದ ಹೊಸ ಕಾಯಿದೆ ಬಂದು ಕೌಶಲವೋ ಅದೃಷ್ಟವೋ ಎಂದು ಕೇಳುವ ಗೋಜಿಗೇ ಹೋಗದೆ ದುಡ್ಡಿನ ಆನ್‌ಲೈನ್ ಆಟಗಳಿಗೆ ಬಾಗಿಲು ಹಾಕಿದ್ದು, ಎಲ್ಲವನ್ನೂ ಎಲೆ ಕಲಸುತ್ತ ಹೇಳುತ್ತಾನೆ. ನಮಗೆ ಅದರ ಉಪದ್ರವವಿಲ್ಲ. ರಾತ್ರಿ ಕೊನೆಗೆ ಯಾರ ಹತ್ತಿರ ಬಿಲ್ಲೆ ಕಡಿಮೆಯೋ ಅವರು ಭಾನುವಾರ ಬೆಳಿಗ್ಗೆ ಎಲ್ಲರಿಗೂ ಮಸಾಲೆದೋಸೆ, ಕಾಫಿ ಕೊಡಿಸಬೇಕು. ನಾನು ಎಷ್ಟು ಭಾನುವಾರ ಕೊಡಿಸಿದ್ದೇನೆಂದರೆ ಹೋಟೆಲಿನವರು ಬಿಲ್ಲನ್ನು ಯಾರಿಗೆ ಎಂದು ಕೇಳದೆ ನನ್ನ ಮುಂದೆ ಇಡುತ್ತಾರೆ.

ಈಗ ಈ ಪಾಡನ್ನು ಬದಲಿಸಿದ ಆಟ. ಬಟನ್ ಷಡ್ಡಕನ ಮುಂದಿತ್ತು. ನನ್ನ ಕೈಯಲ್ಲಿ ಇಸ್ಪೇಟ್ ಎಕ್ಕ, ಆಟೀನ್ ಗುಲಾಮ, ಡೈಮನ್ ಹತ್ತು, ಕಳಾವರ್ ಏಳು. ನಾನು ಎರಡು ಬಿಲ್ಲೆ ಇಟ್ಟೆ, ಅವನು ಆರು ಮಾಡಿದ, ಮಿಕ್ಕವರು ಎಲೆ ಎಸೆದರು, ನಾನು ಉಳಿದೆ. ಶುರುವಿಗೇ ಕಡ್ಡಾಯವಾಗಿ ಬಿದ್ದಿದ್ದ ಮೂರೂ ಸೇರಿ ನಡುವೆ ಹದಿನೈದು. ಫ್ಲಾಪ್ ಬಂತು: ಇಸ್ಪೇಟ್ ಒಂಬತ್ತು, ಡೈಮನ್ ಎಂಟು, ಇಸ್ಪೇಟ್ ಎರಡು. ನನಗೆ ಇನ್ನೂ ಏನೂ ಆಗಿಲ್ಲ, ಆದರೆ ರಾಣಿ, ಗುಲಾಮ, ಹತ್ತು, ಏಳು, ಆರು ಇವುಗಳಲ್ಲಿ ಯಾವುದು ಬಂದರೂ ಸಾಲು ಕೂಡುತ್ತದೆ. ಎಣಿಸಿದರೆ ಹದಿನೇಳು ಎಲೆ. ಅದರಲ್ಲಿ ಇಸ್ಪೇಟ್ ಬಂದರೆ ಬೇರೆಯವರಿಗೆ ಫ್ಲಷ್ ಆಗಬಹುದು, ಅದು ವಿಷ. ಚೆಕ್ ಎಂದೆ. ಟವೆಲ್ ಬಿತ್ತು, ಹದಿನೈದು. ನಲವತ್ತೈದರ ಪಾಟ್‌ಗೆ ಹದಿನೈದು ಕೊಡುವುದೆಂದರೆ ಮೂರರಲ್ಲೊಂದು ಸಲ ಗೆದ್ದರೆ ಸಮ. ಕೊಟ್ಟೆ. ಟರ್ನ್‌ನಲ್ಲಿ ಆಟೀನ್ ಮೂರು, ಯಾರಿಗೂ ಬೇಡದ್ದು. ಚೆಕ್ ಎಂದೆ. ನಲವತ್ತೈದು ಬಿತ್ತು. ಕಾಣದ ಎಲೆ ನಲವತ್ತನಾಲ್ಕು, ನನ್ನವು ಹದಿನೇಳು. ಮತ್ತೆ ಕೊಟ್ಟೆ. ನಡುವೆ ನೂರ ಮೂವತ್ತೈದು.

ರಿವರ್‌ನಲ್ಲಿ ಇಸ್ಪೇಟ್ ನಾಲ್ಕು.

ನನ್ನ ಸಾಲು ನೀರುಪಾಲಾಯಿತು. ಕೈಯಲ್ಲಿ ಒಂದು ಜೋಡಿಯೂ ಇಲ್ಲ. ಆದರೆ ಮೇಜಿನ ಮೇಲೀಗ ಮೂರು ಇಸ್ಪೇಟ್, ಇಸ್ಪೇಟ್ ಎಕ್ಕ ನನ್ನ ಕೈಯಲ್ಲಿ. ಅದಕ್ಕೆ ಜೊತೆಯಾಗಿ ಇನ್ನೊಂದು ಇಸ್ಪೇಟ್ ಇದ್ದಿದ್ದರೆ ಎಲ್ಲಕ್ಕಿಂತ ದೊಡ್ಡ ಫ್ಲಷ್ ನನ್ನದಾಗುತ್ತಿತ್ತು, ಇಲ್ಲ. ಆದರೆ ಎಕ್ಕ ನನ್ನಲ್ಲಿರುವುದರಿಂದ ಆ ದೊಡ್ಡ ಫ್ಲಷ್ ಜಗತ್ತಿನಲ್ಲಿ ಇನ್ನಾರ ಕೈಯಲ್ಲೂ ಇರಲು ಸಾಧ್ಯವಿಲ್ಲ. ಇದು ನನಗೊಬ್ಬನಿಗೇ ಗೊತ್ತು. ಮೊದಲು ಮಾತಾಡುವವನಿಗೆ ಹಿಂದಿನವನಿಗೆ ಗೊತ್ತಿಲ್ಲದ್ದೊಂದು ಗೊತ್ತಿರುವುದು ಅಪರೂಪ. ಚೆಕ್ ಅನ್ನಬೇಕಾದ ಕೈ ಬಿಲ್ಲೆಯ ಕಡೆ ಹೋಯಿತು.

‘ಪಾಟ್’ ಎಂದೆ.

ಹೆಂಡತಿ ತಿರುಗಿ ನೋಡಿದಳು. ಅತ್ತೆ ಹೂವಿನ ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡು ಹಾಗೇ ನಿಂತರು. ಷಡ್ಡಕ ಎಲೆಗಳನ್ನು ಎರಡು ಸಲ ಎತ್ತಿ ನೋಡಿದ, ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿದ, ಬೀಳಿಸಿದ.

‘ಭಾವ, ನಿಮ್ಮತ್ರ ಎಕ್ಕ ಇದೆ.’

‘ಇದೆ’ ಎಂದೆ.

ಸುಳ್ಳಲ್ಲ. ಧರ್ಮರಾಯ ಅಶ್ವತ್ಥಾಮನ ವಿಷಯದಲ್ಲಿ ಇಂಥದೇ ಅರ್ಧಮಾತು ಆಡಿದ್ದಕ್ಕೆ, ಅಲ್ಲಿಯವರೆಗೆ ನೆಲ ಮುಟ್ಟದೆ ಓಡುತ್ತಿದ್ದ ಅವನ ರಥ ಭೂಮಿಗಿಳಿಯಿತಂತೆ. ನನ್ನ ಕುರ್ಚಿ ಮೊದಲಿನಿಂದಲೂ ನೆಲದ ಮೇಲೇ ಇದ್ದದ್ದರಿಂದ ಏನೂ ಆಗಲಿಲ್ಲ.

‘ಇಷ್ಟು ವರ್ಷದಲ್ಲಿ ನೀವು ಇಲ್ಲದ್ದನ್ನ ಇದೆ ಅಂದವರಲ್ಲ’ ಎಂದು ಷಡ್ಡಕ ನಿಟ್ಟುಸಿರುಬಿಟ್ಟು ಎಲೆ ತೆರೆದಿಟ್ಟ. ಇಸ್ಪೇಟ್ ರಾಜ, ಇಸ್ಪೇಟ್ ರಾಣಿ, ಪಕ್ಕದಲ್ಲಿ ಎರಡು ಒಂಬತ್ತು. ಎರಡನೆಯ ದೊಡ್ಡ ಫ್ಲಷ್. ಅದನ್ನು ಎಸೆಯುವುದು ಪಾಠಕ್ಕೆ ಸರಿಯಾದ ಆಟ. ಮೊದಲ ಸಲ ಪಾಠದ ಪ್ರಕಾರ ಆಡಿದ್ದ, ಪಾಪ. ನಾನು ನನ್ನ ನಾಲ್ಕನ್ನೂ ಮಗುಚಿ, ಮಿಕ್ಕ ಎಲೆಗಳ ಕಡೆ ತಳ್ಳಿದೆ. ಪೋಕರ್‌ನಲ್ಲಿ ಎದುರಿನವನು ಬಿಟ್ಟುಕೊಟ್ಟರೆ ಗೆದ್ದವನು ಎಲೆ ತೋರಿಸಬೇಕಾಗಿಲ್ಲ. ಅದು ಆಟದ ಅತ್ಯಂತ ಸುಂದರ ನಿಯಮ.

ಅತ್ತೆ ಕಲಿತದ್ದು ಇಪ್ಪತ್ತೆಂಟಿನ ಶಾಲೆಯಲ್ಲಿ. ಆಟ ಮುಗಿಯಿತು ಎಂದು ಕೈ ಚಾಚಿ, ನನ್ನ ನಾಲ್ಕೂ ಎಲೆಗಳನ್ನು ಮುಖ ಮೇಲಾಗಿ ಜಮಖಾನದ ನಡುವೆ ಹರವಿದರು. ಕನ್ನಡಕ ಏರಿಸಿದರು.

‘ಇದ್ರಲ್ಲಿ ಒಂದೇ ಇಸ್ಪೇಟ್ ಇದೆಯಲ್ಲ’ ಎಂದರು. ‘ಎರಡು ಬೇಕು ಅಲ್ವಾ?’

ಬಾಮೈದ ಎದ್ದು ನಿಂತು ನೋಡಿದ. ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡಳು. ‘ಇವರಾ?’ ಎಂದಳು ನನ್ನ ಹೆಂಡತಿ, ಅದರಲ್ಲಿ ದೂರು ಎಷ್ಟು, ಹೊಸ ಗೌರವ ಎಷ್ಟು ಎಂದು ಇವತ್ತಿಗೂ ಬಿಡಿಸಲು ಆಗಿಲ್ಲ. ಷಡ್ಡಕ ಎಲೆಗಳನ್ನು ದಿಟ್ಟಿಸಿ ನೋಡಿ, ನನ್ನನ್ನು ನೋಡಿ, ಆಮೇಲೆ ತಲೆಯೆತ್ತಿ ಬಹಳ ಹೊತ್ತು ಫ್ಯಾನು ನೋಡಿದ.

ಆ ರಾತ್ರಿ ನಾನು ಗಳಿಸಿದ್ದು ಬಿಲ್ಲೆ ಮಾತ್ರವಲ್ಲ, ಕೆಟ್ಟ ಹೆಸರು. ಒಮಾಹಾದಲ್ಲಿ ಅದಕ್ಕಿಂತ ದೊಡ್ಡ ಆಸ್ತಿಯಿಲ್ಲ. ಈಗ ನಾನು ನಿಜವಾದ ಕೈ ಹಿಡಿದು ಮೊದಲೇ ಪಾಟ್ ಎಂದರೂ ಅವನು ‘ಎಕ್ಕ ಇದೆ ಅಂತೀರಾ? ಒಂದೋ ಎರಡೋ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಿಲ್ಲೆ ಕೊಡುತ್ತಾನೆ. ಎರಡು ಇರುತ್ತವೆ. ದೋಸೆಯ ಬಿಲ್ಲು ಈಚೆಗೆ ಹೆಚ್ಚಾಗಿ ಅವನದೇ. ಹೋಟೆಲಿನವರಿಗೆ ಇದನ್ನು ಮನವರಿಕೆ ಮಾಡಿಕೊಡುವುದು ಕಷ್ಟವಾಗಿದೆ. ಮೊನ್ನೆಯೂ ಷಡ್ಡಕ ಏನು ತಿನ್ನುತ್ತಾನೋ ನೋಡಿಕೊಂಡು ಅದಕ್ಕಿಂತ ಒಂದು ಐಟಂ ಜಾಸ್ತಿ ಹೇಳೋಣ ಎಂದು ನಾನು ಗೋಡೆಯ ಮೇಲಿನ ಪಟ್ಟಿ ಓದುವವನಂತೆ ಸುಮ್ಮನೆ ಕೂತಿದ್ದೆ. ಅವನೂ ಪಟ್ಟಿ ಓದುತ್ತಿದ್ದ. ಮಾಣಿ ಬಂದವನು ನಮ್ಮಿಬ್ಬರ ತಲೆಕೂದಲನ್ನು ನೋಡಿ, ನನ್ನ ಕಡೆಗೇ ತಿರುಗಿ ಕೇಳಿದ:

‘ಹೇಳಿ ಸಾರ್, ನಿಮಗೇನು?’